ಮುಕ್ಕಾಲು ಗ್ಲಾಸು

ನೆಲ ಸೇರಿ ಆರು ಮಾಳಿಗೆ. ಈಗಿನವರು ನಗುತ್ತಾರೆ.
ನಗಲಿ. ಆಗ ಹಂಪನಕಟ್ಟೆಯಲ್ಲಿ ತಲೆಯೆತ್ತಿದರೆ
ಹಂಚು, ಹಂಚಿನ ಮೇಲೆ ಕಾಗೆ,
ಕಾಗೆಗೂ ಮೇಲೆ ‘ಪಡುಗಾಳಿ’ ಕಟ್ಟಡ.

ದಾಮೋದರ ಪಡಿಯಾರರು ಹಂಚಿನಲ್ಲಿ ಗಳಿಸಿದ್ದನ್ನು
ಪತ್ರಿಕೆಯಲ್ಲಿ ಕಳೆಯಲು ಹೊರಟವರು.
ಕಳೆಯುವುದಾದರೆ ಊರಿಗೇ ಕಾಣುವಂತೆ ಕಳೆಯಬೇಕೆಂದು
ಮದರಾಸಿನಿಂದ ನಕ್ಷೆ, ಬರ್ಮಾದಿಂದ ತೇಗ,
ಬುಡಕ್ಕೆ ಮಾತ್ರ ನಮ್ಮದೇ ಮುರಕಲ್ಲು.
ಇಗರ್ಜಿಯ ಗೋಪುರವನ್ನು ಮೀರುವುದು ಬೇಡವೆಂದು
ಪಾದ್ರಿಗಳು ನಯವಾಗಿ ಕಾಗದ ಬರೆದರಂತೆ.
ಒಂದಡಿ ತಗ್ಗಿಸಿದರು.
ಆಮೇಲೆ ಒಂಬತ್ತಡಿಯ ಬಾವುಟದ ಕಂಬ ನೆಟ್ಟರು.

ನಾನು ಪ್ರೂಫಿನ ಹುಡುಗ.
ತಳದ ಅಚ್ಚುಕೂಟದಿಂದ ತುದಿಯ ಸಂಪಾದಕರ ಮೇಜಿಗೆ
ನೂರ ಹದಿನೆಂಟು ಮೆಟ್ಟಿಲು, ಅಂಗೈ ಮೇಲೆ ಒದ್ದೆ ಕಾಗದ.
ಲಿಫ್ಟು ಇತ್ತು. ಹುಡುಗರಿಗಲ್ಲ.
ಅದರ ಜಾಲರಿ ಬಾಗಿಲಲ್ಲಿ ಬಸ್ತ್ಯಾಂವ್ ಕೂತು
ತೇರ್ಸು ಎಣಿಸುತ್ತಿದ್ದ, ಮಾಳಿಗೆಗೊಂದು ಮಣಿ.

ಕೆಳಗೆ ಐತಪ್ಪಣ್ಣನ ಬೆರಳು
ಕೋಳಿ ಕಾಳು ಹೆಕ್ಕಿದಂತೆ ಮೊಳೆ ಹೆಕ್ಕುತ್ತಿತ್ತು.
ಊರ ಹೆಸರಲ್ಲೇ ಇದೆಯಲ್ಲ ಒಂದು ಳ,
ಎಲ್ಲ ಅಕ್ಷರಕ್ಕಿಂತ ಮೊದಲು ಅದೇ ಸವೆಯುವುದು.
ತೀರಿದ ದಿನ ‘ಮಂಗಲೂರು’ ಅಂತಲೇ ಅಚ್ಚಾಯಿತು.
ಮರುದಿನ ತಿದ್ದುಪಡಿ.
ಅದರಲ್ಲೂ ಲ.

ರಾತ್ರಿ ಎರಡಕ್ಕೆ ಯಂತ್ರ ಹೊರಟಿತೆಂದರೆ
ಕಟ್ಟಡಕ್ಕೆ ಕಟ್ಟಡವೇ ಅದುರುತ್ತಿತ್ತು
ಮೀನು ಬಿದ್ದ ಬಲೆಯ ಹಾಗೆ.
ತುದಿಯಲ್ಲಿ ಸಂಪಾದಕರ ಚಾದೊಳಗೆ ಉಂಗುರ, ಉಂಗುರ.
ಉಂಗುರ ನಿಂತರೆ ಅವರು ಚಪ್ಪಲಿ ಮೆಟ್ಟುವರು:
ಎಲ್ಲೋ ಕಾಗದ ಹರಿದಿದೆ.
ರಸ್ತೆಯಾಚೆ, ನಾಲ್ಕಕ್ಕೇ ಬಾಗಿಲು ತೆರೆವ
ವಾಸು ಭಟ್ಟರ ಹೋಟೆಲಿಗೂ ಅದೇ ನಡುಕ.
ತುಂಬಿಸಿದರೆ ಚೆಲ್ಲುತ್ತದೆಂದು ಅವರು
ಗ್ಲಾಸಿಗೆ ಮುಕ್ಕಾಲೇ ಹೊಯ್ಯುತ್ತಿದ್ದರು.
ದುಡ್ಡು ಪೂರ್ತಿ.

ಬೆಂಗ್ರೆಯ ದೂಮ ಪುತ್ರನ್ ಹೇಳುತ್ತಿದ್ದ:
ನಿಮ್ಮ ಕಂಬವನ್ನೂ ಇಗರ್ಜಿಯ ಶಿಲುಬೆಯನ್ನೂ
ಒಂದು ಗೆರೆಗೆ ತಂದುಕೊಂಡರೆ ಮುಗಿಯಿತು,
ಅಳಿವೆಯಲ್ಲಿ ದೋಣಿ ಮರಳಿಗೆ ತಾಗುವುದಿಲ್ಲ.
ಅವನಿಗೆ ಅಕ್ಷರ ಬಾರದು.
‘ಪಡುಗಾಳಿ’ಯನ್ನು ಒಂದು ದಿನವೂ ತಪ್ಪದೆ ಓದಿದವನು
ಅವನೊಬ್ಬನೇ ಇರಬೇಕು.

ಪಡಿಯಾರರು ಹೋದ ಮೇಲೆ ಮಕ್ಕಳು ಪಾಲು ಮಾಡಿದರು
ಹಲಸನ್ನು ಅಡ್ಡಕ್ಕೆ ಕೊಯ್ದ ಹಾಗೆ, ಮಾಳಿಗೆ ಮಾಳಿಗೆಯಾಗಿ.
ಒಂದರಲ್ಲಿ ಬೀಡಿ ಗೋದಾಮು, ಒಂದರಲ್ಲಿ ಟೈಪಿಂಗ್ ಕ್ಲಾಸು,
ಒಂದಕ್ಕೆ ಬೀಗ, ಬೀಗಕ್ಕೆ ಕೋರ್ಟಿನ ಅರಗು.
ಕೊನೆಯ ಸಂಚಿಕೆಯ ರಾತ್ರಿ
ಬಸ್ತ್ಯಾಂವ್ ಜಾಲರಿ ಸರಿಸಿ ಕರೆದ:
“ಬಾ ಮಾರಾಯಾ, ಇವತ್ತು ಕೇಳುವವರು ಯಾರು?”
ನನಗೆ ಆಗ ನಲವತ್ತೇಳು.
ತುದಿ ಮುಟ್ಟಿದ್ದನ್ನು ಮಂಡಿಗಳು ನಂಬಲಿಲ್ಲ.

ಅಚ್ಚುಮೊಳೆ ತೂಕಕ್ಕೆ ಹೋಯಿತು, ಬಲೆಗೆ ಕಟ್ಟುವ ಗುಂಡಾಗಲು.
ಅಕ್ಷರಗಳೀಗ ಕಡಲ ತಳದಲ್ಲಿ.

ಕೆಡವಲು ಬಂದ ಮೊಯ್ದಿನಬ್ಬರು ಮೊದಲ ದಿನವೇ ಗೊಣಗಿದರು:
“ಕಲ್ಲು ಒಡೆಯುತ್ತದೆ, ಗಾರೆ ಬಿಡುವುದಿಲ್ಲ.”
ನಲವತ್ತೊಂದು ದಿನ, ಮೇಲಿನಿಂದ ಕೆಳಕ್ಕೆ.
ಲಿಫ್ಟಿನ ಬಾವಿಯಲ್ಲಿ ಸಿಕ್ಕಿದ್ದು ಒಂದು ಜರ್ದಾ ಡಬ್ಬಿ,
ಏಳೆಂಟು ತೇರ್ಸಿನ ಮಣಿ.
ಆ ಸುದ್ದಿ ಬರೆಯಲು ನಮ್ಮ ಪತ್ರಿಕೆ ಇರಲಿಲ್ಲ.
ಇದ್ದವು ಎರಡಿಂಚು ಬರೆದವು; ಎತ್ತರ ಎಂಬತ್ತಡಿಯಂತೆ.
ತೊಂಬತ್ತೊಂದು.
ಪ್ರೂಫು ನೋಡಿದವನು ಯಾರೋ.

ಈಗಲ್ಲಿ ಇಪ್ಪತ್ತೆರಡು ಮಾಳಿಗೆಯ ಗಾಜು.
ಎಷ್ಟು ಹೊತ್ತು ದಿಟ್ಟಿಸಿದರೂ ಅಲುಗುವುದಿಲ್ಲ.
ಇದಿರಿನ ಹೋಟೆಲಿನಲ್ಲಿ ಭಟ್ಟರ ಮೊಮ್ಮಗಳು
ಚಾ ತಂದಿಟ್ಟಳು. ಮುಕ್ಕಾಲು.
ಯಾಕಮ್ಮಾ, ತುಂಬಿಸಬಾರದೇ?
“ನಮ್ಮಲ್ಲಿ ಮೊದಲಿಂದಲೂ ಹೀಗೇ” ಅಂದಳು,
ಮುಂದಿನ ಮೇಜಿಗೆ ಹೋದಳು.

ಖಾಲಿ ಇರುವ ಆ ಕಾಲು ಗ್ಲಾಸನ್ನು
ಸುಮ್ಮನೆ ನೋಡುತ್ತ ಕೂತೆ.
ಚಾದ ಮೇಲೆ ಕೆನೆ ಕಟ್ಟಿತು, ಒಂದು ಗೆರೆಯಿಲ್ಲದೆ.
ದುಡ್ಡು ಪೂರ್ತಿ ಕೊಟ್ಟು ಎದ್ದೆ.